ಅಪ್ಪ ಆ ಹೊತ್ತಲ್ಲಿ ಅಲ್ಲಿ ಯಾಕಿದ್ದರು? ಹದಿಹರೆಯದವರ ಪತ್ತೇದಾರಿ ಕಾದಂಬರಿಯಲ್ಲಿ ಸಾವಿನ ದುಃಖ

ಶನಿವಾರದ ಓದು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು, ಪಿಯುಸಿ ವಯಸ್ಸಿನವರಿಗಾಗಿ ಒಂದು ಪತ್ತೇದಾರಿ ಕಾದಂಬರಿ ಬರೀತಿದ್ದೀನಿ. ಕರಡು ಅರ್ಧ ದಾಟಿದೆ. ಇಲ್ಲಿ ಬೇರೆ ಬೇರೆ ಕೆಲಸದಲ್ಲಿರೋ ಓದುಗರಿದ್ದೀರಿ, ಅದಕ್ಕೇ ಕೇಳ್ತಿದ್ದೀನಿ.

ಕಥೆ ಇಷ್ಟು. ಲಗ್ಗೆರೆಯಲ್ಲಿ ಬಾಡಿಗೆ ಮನೆ, ಮೂಲ ಊರು ಕನಕಪುರದ ಕಡೆ. ಹುಡುಗಿಗೆ ಹದಿನೈದು, ಎಸ್ಸೆಸ್ಸೆಲ್ಸಿ. ತಮ್ಮನಿಗೆ ಒಂಬತ್ತು. ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ನೈಟ್ ಶಿಫ್ಟ್ ಅಂತ ಹೇಳಿ ಹೋದವರು ಬೆಳಗಿನ ಜಾವ ಏರ್‌ಪೋರ್ಟ್ ಕಡೆ ಹೋಗೋ ಬಳ್ಳಾರಿ ರಸ್ತೆಯಲ್ಲಿ, ಹುಣಸಮಾರನಹಳ್ಳಿ ಹತ್ತಿರ, ಯಾವುದೋ ಗಾಡಿ ಗುದ್ದಿ ತೀರಿಕೊಂಡಿದ್ದಾರೆ. ಗುದ್ದಿದವನು ನಿಲ್ಲಿಸಿಲ್ಲ. ಪೀಣ್ಯದಲ್ಲಿ ಇರಬೇಕಾದ ಮನುಷ್ಯ ಅಷ್ಟು ಹೊತ್ತಲ್ಲಿ ಏರ್‌ಪೋರ್ಟ್ ರೋಡಲ್ಲಿ ಏನು ಮಾಡ್ತಿದ್ದರು? ಚಿಕ್ಕಪ್ಪನಿಗೆ ಗೊತ್ತು, ಅಮ್ಮನಿಗೂ ಆಮೇಲೆ ಗೊತ್ತಾಗಿದೆ. ಹುಡುಗಿ ಒಳಗೆ ಬಂದ ಕೂಡಲೇ ಮಾತು ನಿಂತುಬಿಡುತ್ತೆ.

ಗುಟ್ಟನ್ನು ಇಲ್ಲೇ ಹೇಳ್ತೀನಿ, ಇಲ್ಲದಿದ್ದರೆ ಚರ್ಚೆ ಮುಂದೆ ಹೋಗಲ್ಲ. ಅಪ್ಪನ ಕೆಲಸ ಹೋಗಿ ಕೆಲವು ತಿಂಗಳಾಗಿತ್ತು. ಮನೆಯಲ್ಲಿ ಹೇಳದೆ ಬೇರೆಯವರ ಟ್ಯಾಕ್ಸಿ ಓಡಿಸ್ತಿದ್ದರು.

ಯಾಕೆ ಈ ಕಥೆ ಅಂದರೆ, ನಾನು ಶನಿವಾರ ಸಂಜೆ ಮಕ್ಕಳ ಜೊತೆ ಪುಸ್ತಕ ಓದುವ ಒಂದು ಗುಂಪು ನಡೆಸ್ತೀನಿ. ಅದರಲ್ಲಿ ಅಪ್ಪನನ್ನೋ ಅಮ್ಮನನ್ನೋ ಕಳಕೊಂಡ ಮಕ್ಕಳಿದ್ದಾರೆ. ನಮ್ಮ ಮನೆಗಳಲ್ಲಿ ಸಾವಾದಾಗ ಮೊದಲು ಮಾಡೋ ಕೆಲಸ ಮಕ್ಕಳನ್ನು ಪಕ್ಕದ ಮನೆಗೆ ಕಳಿಸೋದು. "ಊರಿಗೆ ಹೋಗಿದ್ದಾರೆ" ಅನ್ನೋದು, "ನಿನಗ್ಯಾಕೆ ಅದೆಲ್ಲ, ಓದ್ಕೋ ಹೋಗು" ಅನ್ನೋದು. ಹೀಗೆ ಬಚ್ಚಿಟ್ಟ ಮನೆಯಲ್ಲಿ ಮಗು ತಾನಾಗೇ ಪತ್ತೇದಾರ ಆಗುತ್ತೆ. ಅಡುಗೆಮನೆ ಬಾಗಿಲ ಹಿಂದೆ ನಿಲ್ಲುತ್ತೆ, ಅಮ್ಮನ ಫೋನ್ ನೋಡುತ್ತೆ, ಬೀರುವಿನ ಲಾಕರ್ ತೆಗೆಯುತ್ತೆ. ದುಃಖಕ್ಕೂ ಪತ್ತೇದಾರಿಗೂ ನಾವು ಬೆಸುಗೆ ಹಾಕಬೇಕಾಗಿಲ್ಲ, ನಮ್ಮ ಮನೆಗಳಲ್ಲಿ ಅವೆರಡೂ ಮೊದಲೇ ಕೂಡಿಕೊಂಡಿವೆ ಅಂತ ನನಗೆ ಬಲವಾಗಿ ಅನಿಸಿದೆ.

ನನಗೆ ತಿಳಿಯಬೇಕಿರೋದು: ಪೊಲೀಸರ ಕಡೆ ಇಂಥ ಕೇಸು ನಿಜವಾಗಿ ಹೇಗೆ ಸಾಗುತ್ತೆ? ಟೋಲ್ ದಾಟಿದಾಗ ಬರೋ ಫಾಸ್ಟ್‌ಟ್ಯಾಗ್ ಮೆಸೇಜು ಅಮ್ಮನ ಫೋನಿಗೆ ಬರೋದು ಸಾಧ್ಯವಾ? ಮತ್ತೆ ಎಲ್ಲಕ್ಕಿಂತ ಮುಖ್ಯ: ಗುಟ್ಟು ಬಯಲಾದ ಮೇಲೆ ಹುಡುಗಿಯ ದುಃಖ ಏನಾಗುತ್ತೆ?

ಬಾಡಿಗೆ ಲೈಬ್ರರಿ

ಕಥೆ ಚೆನ್ನಾಗಿದೆ. ಆದರೆ ಒಂದು ಆತಂಕ ಹೇಳ್ತೀನಿ, ಮನಸ್ಸಿಗೆ ಹಚ್ಕೋಬೇಡಿ. ನಾನು ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಓದಿ ಕನ್ನಡ ಕಲಿತವನು. ಪತ್ತೇದಾರ ಪುರುಷೋತ್ತಮ ನಮಗೆ ಮನೆಯವನೇ ಆಗಿದ್ದ. ಪ್ರೈಮರಿ ಶಾಲೆಗೇ ಓದು ನಿಲ್ಲಿಸಿದ ಆ ಮನುಷ್ಯ ನೂರಾರು ಕಾದಂಬರಿ ಬರೆದು ಲಕ್ಷಾಂತರ ಜನಕ್ಕೆ ಓದುವ ಚಟ ಹಿಡಿಸಿದರು. ಯಾಕೆ ಹಿಡೀತು ಅಂದರೆ ಓಟ ಇತ್ತು. ಪುಟ ಮಗುಚಿದರೆ ಏನೋ ಆಗ್ತಿತ್ತು. ನೀವು ಪ್ರತಿ ಅಧ್ಯಾಯದಲ್ಲೂ ಹುಡುಗಿಯನ್ನು ಅಳಿಸಿದರೆ ಹದಿನಾಲ್ಕರ ಹುಡುಗ ಮೂರನೇ ಅಧ್ಯಾಯಕ್ಕೆ ಪುಸ್ತಕ ಕೆಳಗಿಟ್ಟು ಫೋನ್ ಎತ್ತಿಕೊಳ್ತಾನೆ. ಮಕ್ಕಳಿಗೆ ಶೋಕ ಬೇಕಾಗಿಲ್ಲ, ಕುತೂಹಲ ಬೇಕು.

ಇನ್ನೊಂದು ಮಾತು. ಗುದ್ದಿದವನು ಯಾರು ಅಂತ ಕೊನೆಗೆ ಗೊತ್ತಾಗಲೇಬೇಕು. ಪತ್ತೇದಾರಿ ಅಂತ ಹೆಸರಿಟ್ಟು ಉತ್ತರ ಕೊಡದಿದ್ದರೆ ಅದು ಓದುಗನಿಗೆ ಮಾಡಿದ ಮೋಸ.

ನಿವೃತ್ತ ಎ.ಎಸ್.ಐ

ಮೇಡಂ, ನಾನು ಸಂಚಾರ ಠಾಣೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವನು, ಗೊತ್ತಿರೋದು ಹೇಳ್ತೀನಿ.

ಬೆಂಗಳೂರಿನಲ್ಲಿ ಅಪಘಾತದ ಕೇಸು ನೋಡೋದು ಸಂಚಾರ ಠಾಣೆ. ಕಳ್ಳತನ, ಹೊಡೆದಾಟ ನೋಡೋ ಠಾಣೆ ಬೇರೆ. ಜನ ಮೊದಲು ಹತ್ತಿರದ ಠಾಣೆಗೆ ಹೋಗಿ ಅಲ್ಲಿಂದ ಇಲ್ಲಿಗೆ ಬರ್ತಾರೆ, ನಿಮ್ಮ ಹುಡುಗಿಯೂ ಹಾಗೇ ಬರಲಿ. ಘಟನೆ 2024 ಜುಲೈ 1ರ ನಂತರದ್ದಾದರೆ ಹಳೆಯ ದಂಡ ಸಂಹಿತೆ ಐಪಿಸಿ ಅಂತ ಬರೀಬೇಡಿ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆ ಕಲಂ 281, ಸಾವಿಗೆ ಕಲಂ 106(1). ಶವ ತನಿಖೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಕಲಂ 194ರಲ್ಲಿ, ಹಿಂದೆ ಅದೇ ಸಿಆರ್‌ಪಿಸಿ 174 ಆಗಿತ್ತು.

ನಿಮ್ಮ ಕಥೆಗೆ ಉಪಯೋಗಕ್ಕೆ ಬರೋದು ಆ ಶವ ಪಂಚನಾಮೆ. ಅದರಲ್ಲಿ ಮೈಮೇಲಿನ ಬಟ್ಟೆ, ಜೇಬಿನಲ್ಲಿ ಸಿಕ್ಕಿದ ವಸ್ತು ಒಂದೊಂದನ್ನೂ ಪಂಚರ ಮುಂದೆ ಬರೆದಿರ್ತೀವಿ. ಪರ್ಸು, ಅದರಲ್ಲಿ ಎಷ್ಟು ದುಡ್ಡು, ವಾಚು, ಚಪ್ಪಲಿ ಯಾವ ಬಣ್ಣದ್ದು, ಎಲ್ಲ. ಮನೆಯವರಿಗೆ ವಸ್ತು ಕೊಡುವಾಗ ಸಹಿ ಹಾಕಿಸಿಕೊಳ್ತೀವಿ. ಆ ಪಟ್ಟಿಯಲ್ಲಿ ಮನೆಯಲ್ಲಿ ಯಾರೂ ನೋಡಿರದ ಒಂದು ಬೀಗದ ಕೈ ಇರಲಿ. ಅಮ್ಮ ಅದನ್ನು ಬಚ್ಚಿಟ್ಟಿರಲಿ. ಮಗಳು ಪಟ್ಟಿ ಓದಿ, ಮನೆಗೆ ಬಂದ ಸಾಮಾನು ಎಣಿಸಿ, ಒಂದು ಕಡಿಮೆ ಇದೆ ಅಂತ ಕಂಡುಹಿಡೀಲಿ. ಇದು ನಡೆಯೋ ಮಾತು.

ಇನ್ನು ಬಾಡಿಗೆ ಲೈಬ್ರರಿ ಅವರು ಹೇಳಿದ್ದಕ್ಕೆ. ಸರ್, ಗುದ್ದಿ ಓಡಿಹೋದವನು ಎಷ್ಟೋ ಸಲ ಸಿಗೋದೇ ಇಲ್ಲ. ಸಿಸಿಟಿವಿ ನೋಡ್ತೀವಿ, ಒಡೆದ ಹೆಡ್‌ಲೈಟ್ ಚೂರು ಹಿಡಿದು ಗ್ಯಾರೇಜ್ ಸುತ್ತುತ್ತೀವಿ. ಸಿಗದಿದ್ದರೆ ಪತ್ತೆಯಾಗಿಲ್ಲ ಅಂತ ನ್ಯಾಯಾಲಯಕ್ಕೆ ಸಿ ರಿಪೋರ್ಟ್ ಹಾಕ್ತೀವಿ. ಅಂಥ ಕುಟುಂಬಕ್ಕೆ ಪರಿಹಾರದ ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ಗುದ್ದೋಡಿದ ಪ್ರಕರಣದ ಸಾವಿಗೆ 2 ಲಕ್ಷ ರೂಪಾಯಿ, ಅದಕ್ಕೆ ಮುಂಚೆ ಬರೀ 25 ಸಾವಿರ ಇತ್ತು. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇಲ್ಲ. ನಿಮ್ಮ ಕಾದಂಬರಿಯಲ್ಲಿ ಬಂದರೆ ಯಾರಿಗಾದರೂ ಉಪಕಾರ ಆಗುತ್ತೆ.

ಮತ್ತೆ ಒಂದು. ಸಾಕ್ಷಿ ಹೇಳೋಕೆ ಹೆಣ್ಣುಮಕ್ಕಳನ್ನು ಠಾಣೆಗೆ ಬಾ ಅಂತ ಕರೆಯೋ ಹಾಗಿಲ್ಲ, ಬಿಎನ್‌ಎಸ್‌ಎಸ್ ಕಲಂ 179. ನಾವೇ ಮನೆಗೆ ಹೋಗಬೇಕು. ಹದಿನೈದರ ಒಳಗಿನ ಹುಡುಗರಿಗೂ ಅದೇ. ನಿಮ್ಮ ಹುಡುಗಿ ತಾನಾಗಿ ಬಂದರೆ ಬೇರೆ ವಿಷಯ. ಹಾಗೆ ಬಂದ ಮಕ್ಕಳನ್ನು ನೋಡಿದ್ದೀನಿ. ನಮ್ಮ ಮುಂದೆ ಅಳೋದಿಲ್ಲ ಮೇಡಂ. "ಅಪ್ಪನ ವಾಚು ಯಾವಾಗ ಕೊಡ್ತೀರಾ ಅಂಕಲ್" ಅಂತ ಕೇಳ್ತಾವೆ. ಅಷ್ಟೇ ಕೇಳ್ತಾವೆ.

ಹಳದಿ ಬೋರ್ಡ್

ಅಕ್ಕ, ನಾನು ಕ್ಯಾಬ್ ಡ್ರೈವರ್. ಏರ್‌ಪೋರ್ಟ್ ಟ್ರಿಪ್ ಕಾಯುವಾಗ ಕನ್ನಡ ಪುಸ್ತಕ ಓದ್ತೀನಿ. ಈ ಕಥೆ ನಮ್ಮವರದ್ದು, ಅದಕ್ಕೆ ಬರೀತಿದ್ದೀನಿ.

ಫಾಸ್ಟ್‌ಟ್ಯಾಗ್ ಮೆಸೇಜು ಅಮ್ಮನ ಫೋನಿಗೆ ಬರಲ್ಲ. ಟ್ಯಾಗ್ ಯಾವ ನಂಬರಿಗೆ ರಿಜಿಸ್ಟರ್ ಆಗಿದೆಯೋ ಅಲ್ಲಿಗೆ ಹೋಗೋದು, ಅಂದರೆ ಗಾಡಿ ಮಾಲೀಕನಿಗೆ. ಸಾದಹಳ್ಳಿ ಟೋಲಲ್ಲಿ ಗಾಡಿ ದಾಟಿದ್ದು ಎಷ್ಟು ಹೊತ್ತಿಗೆ ಅಂತ ಮಾಲೀಕನ ಫೋನಿನಲ್ಲಿ ಇರುತ್ತೆ. ಆದ್ದರಿಂದ ನಿಮ್ಮ ಹುಡುಗಿ ಮಾಲೀಕನನ್ನು ಹುಡುಕಲೇಬೇಕು. ಆ ಬೀಗದ ಕೈ ಗಾಡಿದೇ ಆದರೆ ದಾರಿ ಸಿಕ್ಕಿತು. ಮಾಲೀಕನನ್ನು ಕೆಟ್ಟವನಾಗಿ ಮಾಡಬೇಡಿ ದಯವಿಟ್ಟು. ನಮ್ಮಲ್ಲಿ ಒಬ್ಬ ಒಂದು ಗಾಡಿ ಇಟ್ಟುಕೊಂಡು ಹಗಲು ತಾನು ಓಡಿಸ್ತಾನೆ, ರಾತ್ರಿ ಬೇರೆಯವನಿಗೆ ಕೊಡ್ತಾನೆ. ಇಬ್ಬರದ್ದೂ ಸಾಲವೇ.

ಲೇತ್ ಆಪರೇಟರ್ ಟ್ಯಾಕ್ಸಿ ಓಡಿಸೋದು ಹೇಗೆ, ಲೈಸೆನ್ಸ್ ಬೇಡವಾ ಅಂತ ಯಾರಾದರೂ ಕೇಳಬಹುದು. 2017ರಲ್ಲಿ ಸುಪ್ರೀಂ ಕೋರ್ಟು ಕಾರಿನ ಎಲ್‌ಎಂವಿ, ಅಂದರೆ ಹಗುರ ವಾಹನದ ಲೈಸೆನ್ಸ್ ಇದ್ದರೆ ಅದೇ ತೂಕದ ಬಾಡಿಗೆ ಗಾಡಿಗೂ ಸಾಕು ಅಂತ ಹೇಳಿತು. 2024ರಲ್ಲಿ ಐದು ಜನ ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡೀತು. ಕಾರ್ಖಾನೆ ಕೆಲಸ ಹೋದವರು ಈ ಕಡೆ ಬರೋದಕ್ಕೆ ಅದೂ ಒಂದು ದಾರಿ.

ಮನೆಯಲ್ಲಿ ಯಾಕೆ ಹೇಳಲ್ಲ ಅಂತನೂ ಬರೀರಿ. ನಾಚಿಕೆ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಮಗಳು ಎಸ್ಸೆಸ್ಸೆಲ್ಸಿ, ಅವಳ ತಲೆ ಕೆಡಬಾರದು ಅಂತ. ಮುಂದಿನ ತಿಂಗಳು ಬೇರೆ ಕೆಲಸ ಸಿಗುತ್ತೆ, ಆಮೇಲೆ ಹೇಳೋಣ ಅಂತ. ಆ ಮುಂದಿನ ತಿಂಗಳು ಬರೋದೇ ಇಲ್ಲ.

ಮಳೆಬಿಲ್ಲು

ನಾನು ಈಗ ಡಿಗ್ರಿ ಎರಡನೇ ವರ್ಷ. 2021ರ ಮೇ ತಿಂಗಳಲ್ಲಿ ಕೊರೊನಾದಲ್ಲಿ ಅಮ್ಮ ಹೋದರು. ನನ್ನನ್ನು ಅತ್ತೆ ಮನೆಯಲ್ಲಿ ಇಟ್ಟಿದ್ದರು. ಆ ವಾರ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು ನಿಂತಿದ್ದನ್ನು ಟಿವಿಯಲ್ಲಿ ತೋರಿಸ್ತಿದ್ದರು. ಆ ಸಾಲಿನಲ್ಲಿ ನಮ್ಮಮ್ಮನೂ ಇದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು. ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಅತ್ತೆ ಫೋನಲ್ಲಿ "ಬಾಡಿ" ಅಂದಿದ್ದು ಕೇಳಿಸ್ತು.

ಬಾಡಿಗೆ ಲೈಬ್ರರಿ ಸರ್, ನೀವು ಮಕ್ಕಳಿಗೆ ಶೋಕ ಬೇಕಾಗಿಲ್ಲ ಅಂದಿರಿ. ಶೋಕ ಆಗಲೇ ಇರುತ್ತೆ ಸರ್, ಅದು ಪುಸ್ತಕದಿಂದ ಬರೋದಲ್ಲ. ನನಗೆ ಆ ವರ್ಷ ಬೇಕಾಗಿದ್ದದ್ದು ನನ್ನ ಹಾಗೇ ಇರೋ ಒಬ್ಬಳು ಹುಡುಗಿ ಇರೋ ಕಥೆ, ಅದೂ ಬರೀ ಅಳ್ತಾ ಕೂರದ ಹುಡುಗಿ. ನಾನೂ ಅಳ್ತಾ ಕೂತಿರಲಿಲ್ಲ. ಅಮ್ಮ ಆಸ್ಪತ್ರೆಯಿಂದ ಕಳಿಸಿದ ವಾಯ್ಸ್ ಮೆಸೇಜುಗಳನ್ನು ಕೇಳಿ ಕೇಳಿ, ಯಾವ ದಿನ ಉಸಿರು ಹೇಗಿತ್ತು ಅಂತ ನೋಟ್‌ಬುಕ್ಕಲ್ಲಿ ಬರೆದಿಟ್ಟುಕೊಳ್ತಿದ್ದೆ. ಎಲ್ಲಿ ತಪ್ಪಿತು ಅಂತ ಕಂಡುಹಿಡಿಯೋಕೆ. ಅದು ನನ್ನ ತನಿಖೆ.

ಶನಿವಾರದ ಓದು ಮೇಡಂ, ಗುಟ್ಟು ಬಯಲಾದ ಮೇಲೆ ದುಃಖ ಏನಾಗುತ್ತೆ ಅಂತ ಕೇಳಿದ್ದೀರಿ. ನನಗೆ ಎಲ್ಲ ಗೊತ್ತಾದ ದಿನ ಏನೂ ಹಗುರ ಆಗಲಿಲ್ಲ. ಹುಡುಕೋದು ಮುಗಿದ ಮೇಲೆ ಮಾಡೋಕೆ ಕೆಲಸವೇ ಇರಲಿಲ್ಲ, ಆಗಲೇ ಜಾಸ್ತಿ ಕಷ್ಟ ಆಗಿದ್ದು. ಅದನ್ನು ಬರೀರಿ.

ಅಮ್ಮನ ನಂಬರಿಗೆ ನಾವು ಈಗಲೂ ರೀಚಾರ್ಜ್ ಮಾಡಿಸ್ತೀವಿ. ಮಾಡಿಸದಿದ್ದರೆ ಸಿಮ್ ಬಂದ್ ಆಗಿ, 90 ದಿನ ಕಳೆದ ಮೇಲೆ ಯಾವತ್ತು ಬೇಕಾದರೂ ಬೇರೆಯವರಿಗೆ ಹೋಗಬಹುದು. ನಿಮ್ಮ ಹುಡುಗಿಗೂ ಇಂಥದೇ ಒಂದು ಗಡುವು ಕೊಡಬಹುದು.

ಶನಿವಾರದ ಓದು

ಮಳೆಬಿಲ್ಲು, ಇದನ್ನು ಬರೆದಿದ್ದಕ್ಕೆ ನಿನಗೆ ಏನು ಹೇಳಲಿ ಕಂದ. ನಿನ್ನ ನೋಟ್‌ಬುಕ್ ನಿನ್ನದು, ಅದನ್ನು ಕಥೆಗೆ ಎತ್ತಿಕೊಳ್ಳೋದಿಲ್ಲ. ಹುಡುಕೋದು ಮುಗಿದ ಮೇಲೆ ಕಷ್ಟ ಜಾಸ್ತಿ ಆಯಿತು ಅನ್ನೋ ಮಾತನ್ನು ಮಾತ್ರ ಬಿಡೋಕಾಗಲ್ಲ. ಅದರ ಮೇಲೆ ಕೊನೆಯ ಭಾಗ ಪೂರ್ತಿ ನಿಲ್ಲುತ್ತೆ.

ಆಪ್ತಸಮಾಲೋಚಕಿ

ನಾನು ಹದಿಹರೆಯದವರ ಜೊತೆ ಕೆಲಸ ಮಾಡ್ತೀನಿ. ಮಳೆಬಿಲ್ಲು ಹೇಳಿದ್ದು ತುಂಬಾ ಮುಖ್ಯ.

ಬರೆಯುವವರು ಹೆಚ್ಚಾಗಿ ಹಿಡಿಯೋದು ಐದು ಹಂತಗಳ ಲೆಕ್ಕ: ಮೊದಲು ನಂಬೋದಿಲ್ಲ, ಆಮೇಲೆ ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಗೆ. ಅದು ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಬರೆದದ್ದು. ಅವರು ಮಾತಾಡಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು. ಹಿಂದೆ ಉಳಿದವರ ದುಃಖ ಹಾಗೆ ಮೆಟ್ಟಿಲು ಹತ್ತಿಕೊಂಡು ಹೋಗಲ್ಲ. ಅಧ್ಯಾಯಗಳನ್ನು ಆ ಹಂತಗಳಿಗೆ ಜೋಡಿಸಿ ಬರೆದರೆ ದುಃಖ ಅನುಭವಿಸಿದ ಮಗುವಿಗೆ ಎರಡೇ ಪುಟದಲ್ಲಿ ಸುಳ್ಳು ಅಂತ ಗೊತ್ತಾಗುತ್ತೆ.

ನನಗೆ ಹೆಚ್ಚು ನಿಜ ಅನಿಸೋದು ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಷುಟ್ 1999ರಲ್ಲಿ ಮುಂದಿಟ್ಟ ವಿವರಣೆ. ದುಃಖದಲ್ಲಿರುವವರು ಎರಡು ಕಡೆ ಓಡಾಡ್ತಿರ್ತಾರೆ. ಒಂದು ಹೊತ್ತು ಹೋದವರ ಕಡೆ ತಿರುಗಿ ನೋವು ಪಡೋದು, ಇನ್ನೊಂದು ಹೊತ್ತು ಬದುಕಿನ ಕಡೆ ತಿರುಗಿ ಕರೆಂಟ್ ಬಿಲ್ ಕಟ್ಟೋದು, ಟ್ಯೂಷನ್‌ಗೆ ಹೋಗೋದು, ಸಿನಿಮಾ ನೋಡಿ ನಗೋದು. ಮಕ್ಕಳಲ್ಲಿ ಈ ಓಡಾಟ ಇನ್ನೂ ಬೇಗ. ನಿಮ್ಮ ಹುಡುಗಿಯ ತಮ್ಮ ತಿಥಿಯ ದಿನ ಬೀದಿಯಲ್ಲಿ ಕ್ರಿಕೆಟ್ ಆಡಲಿ, ದೊಡ್ಡವರು ಬೈಯಲಿ, ಅವಳಿಗೂ ಸಿಟ್ಟು ಬರಲಿ, ರಾತ್ರಿ ಅವನು ಅಪ್ಪನ ಅಂಗಿ ಹಾಕಿಕೊಂಡು ಮಲಗಲಿ. ಅವನಿಗೆ ನೋವಿಲ್ಲ ಅಂತ ಅಲ್ಲ.

ಪತ್ತೇದಾರಿಕೆ ಈ ಎರಡು ಕಡೆಗೂ ಸೇರುತ್ತೆ, ಅದೇ ನಿಮ್ಮ ಕಥೆಯ ಶಕ್ತಿ. ಟೋಲ್, ಠಾಣೆ, ಗ್ಯಾರೇಜು ಅಂತ ಸುತ್ತುವಾಗ ಅವಳು ಬದುಕಿನ ಕಡೆ ಇದ್ದಾಳೆ. ಹುಡುಕ್ತಿರೋದು ಅಪ್ಪನನ್ನು, ಹಾಗಾಗಿ ಅವರ ಕಡೆಗೂ ಇದ್ದಾಳೆ. ಉತ್ತರ ಸಿಕ್ಕ ದಿನ ಈ ಸೇತುವೆ ಹೋಗುತ್ತೆ. ಬಾಡಿಗೆ ಲೈಬ್ರರಿ ಅವರ ಓಟದ ಮಾತಿಗೂ ಇಲ್ಲೇ ಉತ್ತರ ಇದೆ: ಕುತೂಹಲ ಅವಳ ದುಃಖದ ರೂಪವೇ ಆಗಿರುವಾಗ ಕಥೆ ನಿಂತು ಅಳಬೇಕಾಗಿಲ್ಲ.

ಎಷ್ಟು ತಿಂಗಳು ದುಃಖ ಪಡಬೇಕು ಅಂತ ಯಾರೂ ಅಳತೆ ಹಾಕೋಕಾಗಲ್ಲ. ಆದರೆ ದಿನನಿತ್ಯದ ಬದುಕೇ ನಿಂತುಹೋಗುವಷ್ಟು ತೀವ್ರ ದುಃಖ ಬಹುಕಾಲ ಹಾಗೇ ಉಳಿದರೆ ಅದಕ್ಕೆ ಚಿಕಿತ್ಸೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಅದಕ್ಕೆ ಕನಿಷ್ಠ ಆರು ತಿಂಗಳು ಅನ್ನುತ್ತೆ. ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ದೊಡ್ಡವರಿಗೆ ಒಂದು ವರ್ಷ, ಮಕ್ಕಳಿಗೆ ಆರು ತಿಂಗಳು ಅನ್ನುತ್ತೆ. ನಿಮ್ಮ ಪುಸ್ತಕದ ಕೊನೆಯ ಪುಟದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಹಾಕಿ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದಕ್ಕೆ ಕೇಂದ್ರ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬಾಡಿಗೆ ಲೈಬ್ರರಿ

ಮಳೆಬಿಲ್ಲು, ನಿನ್ನ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ ಮಗು. ಒಂದು ಯೋಚನೆ ಬಂತು. ನಾವು ಓದಿದ ಹಳೆಯ ಪತ್ತೇದಾರಿಗಳಲ್ಲಿ ಮೊದಲ ಪುಟದಲ್ಲಿ ಹೆಣ ಬೀಳ್ತಿತ್ತು, ಎರಡನೇ ಪುಟದಿಂದ ಓಟ. ಆ ಹೆಣ ಯಾರ ಅಪ್ಪ, ಯಾರ ಮಗ ಅಂತ ನಾನು ಯಾವತ್ತೂ ಕೇಳಿಕೊಂಡೇ ಇರಲಿಲ್ಲ. ಅವು ಕೊಡಬೇಕಾದ ಸಂತೋಷ ಕೊಟ್ಟವು, ಅದರಲ್ಲಿ ಕೊರತೆ ಹುಡುಕೋದಿಲ್ಲ. ಆದರೆ ಹೆಣದ ಮನೆಯ ಒಳಗಿನಿಂದ ಹೇಳೋ ಪತ್ತೇದಾರಿ ಕನ್ನಡದ ಮಕ್ಕಳಿಗೆ ಬೇಕು ಅಂತ ಈಗ ನನಗೂ ಅನಿಸ್ತಿದೆ.

ಉತ್ತರದ ವಿಷಯದಲ್ಲಿ ಮಾತ್ರ ಬಗ್ಗಲ್ಲ. ಸಿ ರಿಪೋರ್ಟ್ ಅಂತ ಹೇಳಿ ಕೈ ತೊಳೆದುಕೊಂಡರೆ ಓದುಗ ಬಿಡಲ್ಲ.

ಸಾಧನಕೇರಿ

ನಾವು ಧಾರವಾಡದವ್ರು, ಈಗ ರಾಜಾಜಿನಗರದಾಗ ಇದ್ದೀವಿ. ಕನ್ನಡದಾಗ ದುಃಖ ಬರ್ಯಾಕ ಬೇರೆ ಕಡೆ ನೋಡೂದು ಬ್ಯಾಡ್ರಿ. ಬೇಂದ್ರೆ ಅಜ್ಜ ಮಗು ಸತ್ತಾಗ "ನೀ ಹೀಂಗ ನೋಡಬ್ಯಾಡ ನನ್ನ" ಅಂತ ಬರದಾರ. ಅಲ್ಲಿ ಗಂಡಗ ಹೆಂಡತಿ ಮಾರಿ ನೋಡೂ ಧೈರ್ಯನೂ ಇಲ್ಲ. ಸಾವಿರ ವರ್ಷದ ಹಿಂದ ರನ್ನ ಗದಾಯುದ್ಧದಾಗ ದುರ್ಯೋಧನನ್ನ ಮಗನ ಹೆಣದ ಮುಂದ ನಿಂದರಸ್ಯಾನ. ಅಪ್ಪಗ ಮಗ ನೀರು ಬಿಡಬೇಕು, ಈಗ ನಾನ ನಿನಗ ಬಿಡೂ ಹಂಗಾತಲ್ಲೋ ಅಂತ ಅವ ಅಳತಾನ. ಎಲ್ಲಾರೂ ಕೆಟ್ಟಾವ ಅನ್ನೂ ಮನಷ್ಯಾನ ದುಃಖಕ್ಕ ರನ್ನ ಅಷ್ಟು ಜಾಗ ಕೊಟ್ಟಾನ.

ಆದ್ರ ನೋಡ್ರಿ, ಇವೆಲ್ಲಾ ದೊಡ್ಡವ್ರ ದುಃಖ. ಸಣ್ಣವ್ರದು ಅಂದ್ರ ಗೋವಿನ ಹಾಡಿನ ಕರು ಒಂದ ನೆನಪಿಗೆ ಬರತೈತಿ. ಅದಕ್ಕೂ ಅವ್ವ ತಿರುಗಿ ಸಿಕ್ಕಳು. ಅವ್ವ ತಿರುಗಿ ಬರದ ಕರುವಿನ ಕಥಿ ನೀವು ಬರೀರಿ ಅಕ್ಕಾರ.

ಕನಕಪುರದ ಕಡೆಯವನು

ನಮ್ಮ ಕಡೆ ಮನೆ ಅಂದಿದ್ದಕ್ಕೆ ಒಂದು ಮಾತು. ಹನ್ನೊಂದನೇ ದಿನದ ತಿಥಿಗೆ ಎಡೆ ಇಡ್ತಾರಲ್ಲ, ಅದನ್ನು ಯಾಕೆ ಬಳಸಿಕೊಳ್ಳಬಾರದು? ಫೋಟೋ ಮುಂದೆ ಬಾಳೆ ಎಲೆ ಹಾಕಿ ಹೋದವರಿಗೆ ಏನೇನು ಇಷ್ಟವೋ ಎಲ್ಲ ಇಡ್ತೀವಿ. ಮುದ್ದೆ, ಸಾರು, ಬೀಡಿ ಸೇದೋರಾದರೆ ಬೀಡಿ, ಕುಡಿಯೋರಾದರೆ ಅದೂ. ಮನುಷ್ಯ ಬದುಕಿದ್ದಾಗ ಮನೆಯಲ್ಲಿ ಬಾಯಿ ಬಿಡದ ವಿಷಯ ಎಡೆ ಮೇಲೆ ಬಂದು ಕೂತಿರುತ್ತೆ. ಯಾರು ಏನು ತಂದಿಟ್ಟರು ಅಂತ ನೋಡಿದರೆ ಅವರಿಗೆ ಹೋದವರ ಬಗ್ಗೆ ಏನು ಗೊತ್ತಿತ್ತು ಅಂತ ತಿಳಿಯುತ್ತೆ.

ನಿಮ್ಮ ಹುಡುಗಿಗೆ ಗೊತ್ತಿರೋ ಅಪ್ಪ ಕಾಫಿ ಬಿಟ್ಟು ಬೇರೆ ಮುಟ್ಟಿದವರಲ್ಲ. ಚಿಕ್ಕಪ್ಪ ಎಡೆ ಪಕ್ಕದಲ್ಲಿ ಒಂದು ಲೋಟ ಟೀ ತಂದಿಡಲಿ. ಯಾರೂ ಏನೂ ಹೇಳೋದು ಬೇಡ. ಅವಳು ನೋಡಲಿ.

ಇನ್ನೊಂದು, ಸ್ಮಶಾನಕ್ಕೆ ಒಂಬತ್ತು ವರ್ಷದ ತಮ್ಮನನ್ನು ಕರ್ಕೊಂಡು ಹೋಗಿ ಕೊಳ್ಳಿ ಇಡಿಸ್ತಾರೆ. ಹದಿನೈದರ ಅಕ್ಕನನ್ನು ಮನೆಯಲ್ಲಿ ಬಿಡ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು, ನನ್ನ ಅಕ್ಕ ಅದನ್ನು ಇವತ್ತಿಗೂ ಮರೆತಿಲ್ಲ. ಕೊಳ್ಳಿ ಇಟ್ಟವನು ನಾನು. ನನಗೂ ಅರ್ಥವಾಗದ ವಯಸ್ಸು.

ಹಳದಿ ಬೋರ್ಡ್

ಟೀ ವಿಷಯ ಸರಿಯಾಗಿದೆ ಅಣ್ಣ. ರಾತ್ರಿ ಗಾಡಿ ಓಡಿಸೋರು ಟೀ ಇಲ್ಲದೆ ಇರೋಕಾಗಲ್ಲ. ಸೈಕಲ್ ಮೇಲೆ ಫ್ಲಾಸ್ಕ್ ಕಟ್ಟಿಕೊಂಡು ಮಾರೋರು ಇರ್ತಾರೆ, ಅವರ ಹತ್ತಿರ ಕಾಫಿಗಿಂತ ಟೀನೇ ಜಾಸ್ತಿ. ಅಪ್ಪ ರಸ್ತೆ ಆ ಕಡೆ ಟೀ ಕುಡಿಯೋಕೆ ಗಾಡಿ ನಿಲ್ಲಿಸಿ ದಾಟಿರಬಹುದು. ಆ ಟೀ ಮಾರುವವನಿಗೆ ನಮ್ಮೆಲ್ಲರ ಮುಖ ಗೊತ್ತಿರುತ್ತೆ, ಹೆಸರು ಗೊತ್ತಿರಲ್ಲ. ಹುಡುಗಿ ಅಪ್ಪನ ಫೋಟೋ ತೋರಿಸಿದರೆ ಅವನು ಹೇಳ್ತಾನೆ. ಮಗಳ ಮಾರ್ಕ್ಸ್ ಬಗ್ಗೆ ಮಾತಾಡ್ತಿದ್ದರು ಅಂತಾನೂ ಹೇಳ್ತಾನೆ. ನಾವು ಅಲ್ಲಿ ಮಕ್ಕಳ ವಿಷಯ ಬಿಟ್ಟು ಬೇರೆ ಏನೂ ಮಾತಾಡಲ್ಲ ಅಕ್ಕ.

ಶಿವಾಜಿನಗರ

ಎಡೆಯ ವಿಚಾರ ಓದಿ ನಮ್ಮ ಮನೆ ನೆನಪಾಯಿತು. ಅಬ್ಬಾ ತೀರಿಕೊಂಡಾಗ ಅಮ್ಮಿ ಇದ್ದತ್‌ನಲ್ಲಿದ್ದರು, ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು. ಮರಣ ಪ್ರಮಾಣಪತ್ರ, ಬ್ಯಾಂಕು, ಗ್ಯಾಸ್ ಕನೆಕ್ಷನ್ ಹೆಸರು ಬದಲಾವಣೆ, ಎಲ್ಲಕ್ಕೂ ಓಡಾಡಿದ್ದು ಪಿಯುಸಿ ಓದುತ್ತಿದ್ದ ನಾನು. ಪ್ರತಿ ಕೌಂಟರಿನಲ್ಲೂ "ದೊಡ್ಡವರು ಯಾರೂ ಇಲ್ವಾ" ಅಂತ ಕೇಳ್ತಿದ್ದರು. ಆ ಫಾರಂಗಳಿಂದಲೇ ಅಬ್ಬಾ ಯಾರಿಗೆಲ್ಲ ಜಾಮೀನು ನಿಂತಿದ್ದರು ಅಂತ ನನಗೆ ಗೊತ್ತಾಯಿತು. ನಿಮ್ಮ ಹುಡುಗಿಯನ್ನು ಕಚೇರಿಗಳಿಗೂ ಕಳಿಸಿ. ಸತ್ತವರ ಬಗ್ಗೆ ಮನೆಯವರು ಹೇಳದ್ದನ್ನು ಕಾಗದಗಳು ಹೇಳ್ತವೆ.

ಚಾಮರಾಜಪೇಟೆ ಓದುಗಿ

ನಮ್ಮಲ್ಲಿ ಪದ್ಧತಿ ಬೇರೆ, ಹದಿಮೂರನೇ ದಿನ ವೈಕುಂಠ ಸಮಾರಾಧನೆ, ಅಸ್ಥಿ ಬಿಡೋಕೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ. ಆದರೆ ಹೆಣ್ಣುಮಗಳನ್ನು ಹೊರಗಿಡೋದು ಎಲ್ಲ ಕಡೆಯೂ ಒಂದೇ. ಕಾದಂಬರಿಯಲ್ಲಿ ಇದಕ್ಕೆ ದೊಡ್ಡ ಭಾಷಣ ಬೇಡ. ಅವಳು ಏನು ಮಾಡ್ತಾಳೆ ಅಂತ ತೋರಿಸಿದರೆ ಸಾಕು.

ಶನಿವಾರದ ಓದು

ಎಲ್ಲರ ಮಾತನ್ನೂ ಮತ್ತೆ ಮತ್ತೆ ಓದಿದೆ. ಕಥೆ ಈಗ ಹೀಗೆ ಕೂತಿದೆ, ಹೇಳ್ತೀನಿ ಕೇಳಿ.

ಬಾಡಿಗೆ ಲೈಬ್ರರಿ ಸರ್ ಎತ್ತಿದ ಉತ್ತರದ ಪ್ರಶ್ನೆಯಿಂದ ಶುರು ಮಾಡ್ತೀನಿ, ಯಾಕಂದರೆ ಕಾದಂಬರಿ ನಿಲ್ಲೋದು ಬೀಳೋದು ಅದರ ಮೇಲೆ. ಮೊದಲ ಪುಟದಲ್ಲಿ ಯಾವ ಪ್ರಶ್ನೆ ಕೇಳ್ತೀವೋ ಅದಕ್ಕೆ ಉತ್ತರ ಕೊಡಲೇಬೇಕು, ನಾನೂ ಒಪ್ತೀನಿ. ಹಾಗಾಗಿ ಮೊದಲ ಪುಟದಲ್ಲಿ "ಗುದ್ದಿದವನು ಯಾರು" ಅಂತ ಕೇಳೋದಿಲ್ಲ. "ಅಪ್ಪ ಅಲ್ಲಿ ಯಾಕಿದ್ದರು" ಅಂತ ಕೇಳ್ತೀನಿ. ಆ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುತ್ತೆ, ಒಂದು ಎಳೆಯೂ ಬಿಡದ ಹಾಗೆ. ಗುದ್ದಿದವನ ಕೇಸಿನಲ್ಲಿ ಸಿ ರಿಪೋರ್ಟ್ ಬರುತ್ತೆ. ಅದು ಕೊನೆಯ ಪುಟದಲ್ಲಿ ಬರಲ್ಲ, ಮುಕ್ಕಾಲು ಭಾಗದಲ್ಲಿ ಬರುತ್ತೆ, ಆಮೇಲೂ ಅವಳು ನಿಲ್ಲಲ್ಲ. ನಿಜ ಬೆಂಗಳೂರಿನಲ್ಲಿ ಎಷ್ಟೋ ಮಕ್ಕಳು ಆ ಉತ್ತರ ಇಲ್ಲದೆಯೇ ಬೆಳೀತಿದ್ದಾರೆ. ಅವರ ಮುಂದೆ ಕಾಲ್ಪನಿಕ ಅಪರಾಧಿಯೊಬ್ಬನನ್ನು ತಂದು ನಿಲ್ಲಿಸಿದರೆ ಅವರ ಪಾಲಿನ ನಿಜವನ್ನು ನಾನು ಕಸಿದುಕೊಂಡ ಹಾಗೆ.

ಸುಳಿವುಗಳ ಸಾಲು: ಹನ್ನೊಂದನೇ ದಿನ ಟೀ ಲೋಟ. ಪಂಚನಾಮೆ ಪಟ್ಟಿಯಲ್ಲಿದ್ದು ಮನೆಯಲ್ಲಿ ಕಾಣದ ಬೀಗದ ಕೈ. ಅದರಿಂದ ಗಾಡಿ ಮಾಲೀಕ, ಅವನ ಫೋನಿನಲ್ಲಿ ಟೋಲ್ ಮೆಸೇಜುಗಳು. ಆ ಮೆಸೇಜುಗಳ ತಾರೀಕು ನೋಡ್ತಾ ಅವಳಿಗೆ ಒಂದು ಹೊಳೆಯುತ್ತೆ. ಅವಳ ಹುಟ್ಟುಹಬ್ಬದ ರಾತ್ರಿ ಒಂದೂ ಟೋಲ್ ಇಲ್ಲ. ಆ ರಾತ್ರಿ ಅಪ್ಪ ರಜೆ ಅಂತ ಮನೆಯಲ್ಲಿದ್ದರು. ಒಂದು ರಾತ್ರಿಯ ಬಾಡಿಗೆ ಬಿಟ್ಟರೆ ಎಷ್ಟು ನಷ್ಟ ಅಂತ ಅವಳಿಗೆ ಅಷ್ಟರಲ್ಲಿ ಗೊತ್ತಾಗಿರುತ್ತೆ. ಮಾಲೀಕ ಒಳ್ಳೆಯ ಮನುಷ್ಯ, ಹಳದಿ ಬೋರ್ಡ್ ತಮ್ಮ, ಅದು ಖಂಡಿತ. ಅವನಿಗೂ ಭಯ ಇದೆ, ತನ್ನ ಮೇಲೆ ಕೇಸಾಗುತ್ತೇನೋ ಅಂತ. ಅದಕ್ಕೇ ಅವನು ತಿಥಿಗೆ ಬಂದು ದೂರ ನಿಂತು ಹೋಗಿದ್ದಾನೆ.

ಅಮ್ಮನ ಬಗ್ಗೆ ನನಗೆ ಹೆಚ್ಚು ಚಿಂತೆ. ಬಚ್ಚಿಟ್ಟವರನ್ನು ಮಕ್ಕಳ ಪುಸ್ತಕದಲ್ಲಿ ಸುಲಭವಾಗಿ ಖಳರನ್ನಾಗಿ ಮಾಡಿಬಿಡಬಹುದು. ಅಮ್ಮನೂ ಗಂಡನಿಂದ ಮೋಸಹೋದವಳೇ. ಅವರು ಯಾಕೆ ನನಗೆ ಹೇಳಲಿಲ್ಲ ಅನ್ನೋ ಅವಳ ನೋವಿಗೂ ಮಗಳ ನೋವಿಗೂ ವ್ಯತ್ಯಾಸ ಇಲ್ಲ. ಬೀಗದ ಕೈ ಮಗಳ ಕೈಗೆ ಸಿಕ್ಕ ದಿನ ಇಬ್ಬರೂ ಜಗಳ ಆಡ್ತಾರೆ, ಕೂಗಾಡ್ತಾರೆ. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಅಪ್ಪನ ಬಗ್ಗೆ ಆಡಿದ ಮೊದಲ ನಿಜವಾದ ಮಾತು ಆ ಜಗಳವೇ.

ಉತ್ತರ ಸಿಕ್ಕ ಮೇಲೂ ಕಥೆ ಇನ್ನಷ್ಟು ಅಧ್ಯಾಯ ನಡೆಯುತ್ತೆ. ಅಲ್ಲಿ ತನಿಖೆ ಇಲ್ಲ, ಅವಳಿಗೆ ಓಡೋಕೆ ಎಲ್ಲೂ ಇಲ್ಲ. ಪ್ರಿಪರೇಟರಿ ಪರೀಕ್ಷೆಯಲ್ಲಿ ಗಣಿತದ ಪೇಪರ್ ಖಾಲಿ ಕೊಟ್ಟು ಬರ್ತಾಳೆ. ಆಪ್ತಸಮಾಲೋಚಕಿ ಅವರೇ, ಅಲ್ಲಿ ಅವಳನ್ನು ಯಾರು ನೋಡಿಕೊಳ್ತಾರೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಸಂಬಂಧಿಕರು ಬೇಡ ಅನಿಸುತ್ತೆ.

ಆಪ್ತಸಮಾಲೋಚಕಿ

ಗಣಿತದ ಟೀಚರೇ ಆಗಲಿ. ಖಾಲಿ ಪೇಪರ್ ಮೊದಲು ನೋಡೋದು ಅವರು. ಬುದ್ಧಿ ಹೇಳೋದು ಬೇಡ, "ನಿಮ್ಮಪ್ಪ ಹೇಗಿದ್ದರು, ಹೇಳು" ಅಂತ ಕೇಳಲಿ. ಎಲ್ಲರೂ ಅವಳಿಗೆ ಮರೆತುಬಿಡು ಅಂತಾರೆ. ಹೋದವರ ಜೊತೆಗಿನ ನಂಟು ಕಡಿದುಕೊಳ್ಳಬೇಕು ಅನ್ನೋ ಹಳೆಯ ತಿಳಿವಳಿಕೆಯನ್ನು ಸಂಶೋಧಕರು 1990ರ ದಶಕದಲ್ಲೇ ಪ್ರಶ್ನಿಸಿದ್ದಾರೆ. ನಂಟು ಉಳಿಯುತ್ತೆ, ಅದರ ರೂಪ ಬದಲಾಗುತ್ತೆ. ಎಡೆ ಇಡೋ ನಮ್ಮ ಜನಕ್ಕೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮಕ್ಕಳನ್ನು ಅದರೊಳಗೆ ಸೇರಿಸಿಕೊಳ್ಳೋದಷ್ಟೇ ಬಾಕಿ.

ಬಾಡಿಗೆ ಲೈಬ್ರರಿ

"ಅಪ್ಪ ಅಲ್ಲಿ ಯಾಕಿದ್ದರು" ಅನ್ನೋ ಪ್ರಶ್ನೆಯನ್ನು ಮೊದಲ ವಾಕ್ಯದಲ್ಲೇ ಇಡಿ, ಆಗ ಸಿ ರಿಪೋರ್ಟ್ ಒಪ್ಕೋತೀನಿ. ಹುಟ್ಟುಹಬ್ಬದ ರಾತ್ರಿಯ ಸುಳಿವನ್ನು ಬೇಗ ಬಿಟ್ಟುಕೊಡಬೇಡಿ. ಅವತ್ತು ಅಪ್ಪ ಮನೆಯಲ್ಲಿದ್ದರು ಅನ್ನೋದು ಎರಡನೇ ಅಧ್ಯಾಯದಲ್ಲೇ ಸುಮ್ಮನೆ ಬಂದುಹೋಗಿರಲಿ. ಓದುಗ ಗಮನಿಸದ ಹಾಗೆ, ಕೇಕ್ ಕತ್ತರಿಸೋ ಗಲಾಟೆಯ ನಡುವೆ. ಉತ್ತರ ಬಂದಾಗ ಓದುಗ ಪುಟ ಹಿಂದಕ್ಕೆ ಮಗುಚಬೇಕು. ಅದು ಹಳೆಯ ಪತ್ತೇದಾರಿಗಳ ವಿದ್ಯೆ, ಬಿಡಬೇಡಿ.

ನಿವೃತ್ತ ಎ.ಎಸ್.ಐ

ಗಾಡಿ ಮಾಲೀಕನ ಭಯದ ಬಗ್ಗೆ: ಅಪ್ಪ ಗಾಡಿಯಿಂದ ಇಳಿದು ನಡೆದು ಹೋಗ್ತಿದ್ದಾಗ ಬೇರೆ ಗಾಡಿ ಗುದ್ದಿದ್ದು, ಹಾಗಾಗಿ ಮಾಲೀಕನ ಮೇಲೆ ಆ ಸಾವಿನ ಕೇಸು ಬರಲ್ಲ. ಆದರೆ ಜನಕ್ಕೆ ಅದು ಗೊತ್ತಿರಲ್ಲ, ಪೊಲೀಸ್ ಅಂದರೇ ಭಯ. ಒಂದು ಸೇರಿಸಿಕೊಳ್ಳಿ. ರಸ್ತೆ ಪಕ್ಕ ಖಾಲಿ ಗಾಡಿ ನಿಂತಿದ್ದರೆ ನಾವು ಗಮನಿಸ್ತೀವಿ. ಆ ಗಾಡಿಯನ್ನು ಬೆಳಗಾಗೋ ಮುಂಚೆ ಯಾರೋ ಇನ್ನೊಂದು ಕೀ ತಂದು ತೆಗೆದುಕೊಂಡು ಹೋಗಿರಬೇಕು, ಇಲ್ಲದಿದ್ದರೆ ಗುಟ್ಟು ಮೊದಲ ದಿನವೇ ಬಯಲು. ಚಿಕ್ಕಪ್ಪನಿಗೆ ವಿಷಯ ಗೊತ್ತಾಗಿದ್ದು ಹೇಗೆ ಅನ್ನೋದಕ್ಕೂ ಅಲ್ಲೇ ಉತ್ತರ ಇದೆ.

ಹೈಸ್ಕೂಲ್ ಮೇಡಂ

ಇಷ್ಟು ಹೊತ್ತು ಓದುತ್ತಾ ಇದ್ದೆ. ನಾನು ವಿಜಯನಗರದ ಹತ್ತಿರ ಕನ್ನಡ ಪಾಠ ಮಾಡ್ತೀನಿ. ದಸರಾ ರಜೆ ಮುಗಿದ ಮೇಲೆ ಒಂಬತ್ತನೇ ತರಗತಿಯ ಮಕ್ಕಳಿಗೆ ಕರಡಿನ ಮೊದಲ ಭಾಗ ಓದಿಸಬಹುದಾ? ಮನೆಯಲ್ಲಿ ಸಾವು ಕಂಡ ಮಕ್ಕಳಿಗೆ ಮೊದಲೇ ಕಥೆ ಏನು ಅಂತ ಹೇಳಿ, ಬೇಡ ಅಂದರೆ ಬೇರೆ ಪುಸ್ತಕ ಕೊಡ್ತೀನಿ. ತರಗತಿಯಲ್ಲಿ ಗಟ್ಟಿಯಾಗಿ ಓದಿಸಲ್ಲ.

ಶನಿವಾರದ ಓದು

ಖಂಡಿತ ಮೇಡಂ, ಟೀ ಲೋಟದ ಅಧ್ಯಾಯದವರೆಗೆ ಪ್ರಿಂಟ್ ತೆಗೆಸಿ ಕಳಿಸ್ತೀನಿ. ಚೆನ್ನಾಗಿದೆಯಾ ಅಂತ ಮಕ್ಕಳನ್ನು ಕೇಳಬೇಡಿ, ನಿಮ್ಮ ಮೇಲಿನ ಗೌರವಕ್ಕೆ ಚೆನ್ನಾಗಿದೆ ಅಂದುಬಿಡ್ತಾರೆ. ಯಾವ ಪುಟದಲ್ಲಿ ಓದೋದು ನಿಲ್ಲಿಸಿದರು, ಅಪ್ಪ ಎಲ್ಲಿಗೆ ಹೋಗ್ತಿದ್ದರು ಅಂತ ಅವರಿಗೆ ಆಗ ಅನಿಸ್ತಿತ್ತು, ಈ ಎರಡನ್ನು ಹಾಳೆಯ ಅಂಚಿನಲ್ಲೇ ಬರೆಸಿ. ಎ.ಎಸ್.ಐ ಸರ್, ಖಾಲಿ ಗಾಡಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಇವತ್ತು ರಾತ್ರಿ ಆ ಭಾಗ ಬರೆಯೋಕೆ ಕೂರ್ತೀನಿ. ಬೆಳಗಿನ ಜಾವ ಹೆಬ್ಬಾಳದಿಂದ ಹುಣಸಮಾರನಹಳ್ಳಿಗೆ ಚಿಕ್ಕಪ್ಪ ಬೈಕಿನಲ್ಲಿ ಎಷ್ಟು ಹೊತ್ತಲ್ಲಿ ತಲುಪಬಹುದು, ಹಳದಿ ಬೋರ್ಡ್ ತಮ್ಮ, ಅದೊಂದು ಹೇಳಿಬಿಡಪ್ಪ.

ಹಳದಿ ಬೋರ್ಡ್

ಆ ಹೊತ್ತಲ್ಲಿ ರಸ್ತೆ ಖಾಲಿ ಅಕ್ಕ, ಇಪ್ಪತ್ತು ನಿಮಿಷ ಸಾಕು. ಆದರೆ ಲಗ್ಗೆರೆಯಿಂದ ಹೊರಟರೆ ಗೊರಗುಂಟೆಪಾಳ್ಯ ದಾಟಿ ಹೆಬ್ಬಾಳಕ್ಕೆ ಬರಬೇಕು, ಅದನ್ನೂ ಸೇರಿಸಿಕೊಳ್ಳಿ. ಆ ರಿಂಗ್ ರೋಡಲ್ಲಿ ಬೆಳಗಿನ ಜಾವ ಲಾರಿಗಳು ಜಾಸ್ತಿ.